ಎರಡು ಸೂತ, ಮೂರು ಸೂತ, ಐದು ಸೂತ

(ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸುವ ಅಡಾಪ್ಟರನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗ್ಗೆ ಕಾರವಾರದಲ್ಲಿ ಹವ್ಯಾಸಿ ಛಾಯಾಗ್ರಾಹಕರ ಎದುರು ಆಡಿದ ಮಾತಿನ ಬರಹರೂಪ. ಮಾತನಾಡಿದವರು ಕುಮಟಾ ಕಡೆಯ ನಿವೃತ್ತ ವಿಜ್ಞಾನ ಶಿಕ್ಷಕಿ.)

ಈ ಎರಡು ಬೋಲ್ಟ್‌ಗಳನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ಒಂದಕ್ಕೆ ಕೆಂಪು ದಾರ ಸುತ್ತಿದ್ದೇನೆ, ಇನ್ನೊಂದಕ್ಕೆ ಏನೂ ಇಲ್ಲ. ಕೈಯಲ್ಲಿ ಹಿಡಿದು ನೋಡಿ. ವ್ಯತ್ಯಾಸ ಗೊತ್ತಾದವರು ಈಗಲೇ ಹೇಳಬೇಡಿ. ಗೊತ್ತಾಗದವರು ಬೇಜಾರು ಮಾಡಿಕೊಳ್ಳಬೇಡಿ, ಐವತ್ತು ವರ್ಷ ದಾಟುವವರೆಗೆ ನನಗೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಗೆ ನಾನು ಒಂದು ಕ್ಯಾಮೆರಾವನ್ನೇ ದಂಡವಾಗಿ ತೆತ್ತಿದ್ದೇನೆ.

ಅದು ಸಾಣೀಕಟ್ಟೆಯಲ್ಲಿ ಆದದ್ದು. ಅಘನಾಶಿನಿಯ ಹಿನ್ನೀರಿನ ಉಪ್ಪಿನ ಆಗರಗಳು ನಿಮಗೆಲ್ಲ ಗೊತ್ತು. ಚಳಿಗಾಲದ ಬೆಳಿಗ್ಗೆ ಅಲ್ಲಿ ಮೆಟ್ಟುಗಾಲು ಹಕ್ಕಿಗಳು ಸಾಲಾಗಿ ನಿಂತಿರುತ್ತವೆ, ನೀರಿನಲ್ಲಿ ಅವುಗಳ ಕೆಂಪು ಕಾಲು ಇನ್ನಷ್ಟು ಉದ್ದವಾಗಿ ಕಾಣುತ್ತದೆ. ಹಿಂದಿನ ದಿನ ಟ್ರೈಪಾಡಿನ, ಅಂದರೆ ಮೂರು ಕಾಲಿನ ಸ್ಟ್ಯಾಂಡಿನ, ಕ್ಯಾಮೆರಾ ಕೂರಿಸುವ ಪ್ಲೇಟ್ ತೊಳೆಯುವಾಗ ಅದರ ಸ್ಕ್ರೂ ಬಚ್ಚಲ ತೂತಿನಲ್ಲಿ ಹೋಗಿತ್ತು. ಮನೆಯ ಡಬ್ಬಿಯಲ್ಲಿ ಹುಡುಕಿದೆ, ಅಷ್ಟೇ ದಪ್ಪದ ಬೋಲ್ಟ್ ಸಿಕ್ಕಿತು. ಕ್ಯಾಮೆರಾದ ತಳಕ್ಕೆ ಹಾಕಿ ತಿರುಗಿಸಿದೆ. ಎರಡು ಸುತ್ತು ಹೋಯಿತು, ಗಟ್ಟಿಯಾಯಿತು. ಇನ್ನೂ ಸ್ವಲ್ಪ ಒತ್ತಿ ತಿರುಗಿಸಿದೆ, ಅಲುಗಾಡಲಿಲ್ಲ. ಸರಿ ಅಂದುಕೊಂಡೆ.

ಆಗರದ ಒಡ್ಡಿನ ಮೇಲೆ ಟ್ರೈಪಾಡ್ ನಿಲ್ಲಿಸಿ ಲೆನ್ಸನ್ನು ಕೆಳಕ್ಕೆ ಬಗ್ಗಿಸಿದೆ. ಟಕ್ ಅಂತ ಒಂದು ಸಣ್ಣ ಶಬ್ದ. ಬೀಳುತ್ತಿರುವುದು ಕಂಡಿತು, ಕೈ ಮಾತ್ರ ಹೋಗಲಿಲ್ಲ. ಉಪ್ಪುನೀರು ಕುಡಿದ ಕ್ಯಾಮೆರಾ ಮತ್ತೆ ಏಳಲಿಲ್ಲ. ಲೆನ್ಸ್ ಹೇಗೋ ಉಳಿಯಿತು.

ಆ ಬೋಲ್ಟನ್ನೂ ಕ್ಯಾಮೆರಾವನ್ನೂ ತೆಗೆದುಕೊಂಡು ತದಡಿಯ ಒಬ್ಬ ಲೇತ್ ಕೆಲಸದವರ ಹತ್ತಿರ ಹೋದೆ. ಬೋಟಿನ ಶಾಫ್ಟು, ಬುಷ್ಷು ಮಾಡುವವರು. ಅವರ ಮಗ ನನ್ನ ಹತ್ತಿರ ಕಲಿತವನು. ಅವರು ಬೋಲ್ಟನ್ನು ಉಗುರಿನಿಂದ ಒಮ್ಮೆ ಕೆರೆದರು, ಅಷ್ಟೆ. "ಇದು ಎಮ್ಮೆಮ್ಮಿಂದು ಅಕ್ಕೋರೇ. ಕ್ಯಾಮೆರಾಕ್ಕೆ ಎರಡು ಸೂತದ್ದು ಬೇಕು" ಎಂದರು.

ಸೂತ ಅಂದರೆ ಬಡಗಿಗಳ, ಲೇತಿನವರ ಅಳತೆ. ಇಂಚನ್ನು ಎಂಟು ಭಾಗ ಮಾಡಿದರೆ ಒಂದು ಭಾಗ ಒಂದು ಸೂತ. ಎರಡು ಸೂತ ಅಂದರೆ ಕಾಲು ಇಂಚು, 6.35 ಮಿಲಿಮೀಟರ್. ನಾನು ಹಾಕಿದ್ದು ಎಂ6, ಅಂದರೆ 6 ಮಿಲಿಮೀಟರಿನದು. ದಪ್ಪದಲ್ಲಿ ವ್ಯತ್ಯಾಸ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ. ಕಣ್ಣಿಗೆ ಎಲ್ಲಿ ಕಾಣಬೇಕು? ಆದರೆ ಆಟ ಇರುವುದು ದಪ್ಪದಲ್ಲಲ್ಲ, ಬೋಲ್ಟಿನ ಮೈಮೇಲಿನ ಸುರುಳಿ ಹಲ್ಲಿನಲ್ಲಿ. ಕಾಲು ಇಂಚಿನ ಟ್ರೈಪಾಡ್ ಸ್ಕ್ರೂಗೆ ಇಂಚಿಗೆ 20 ಹಲ್ಲು. ಒಂದು ಹಲ್ಲಿನಿಂದ ಇನ್ನೊಂದಕ್ಕೆ 1.27 ಮಿಲಿಮೀಟರ್. ಎಂ6ಕ್ಕೆ ಅದು ಸರಿಯಾಗಿ 1 ಮಿಲಿಮೀಟರ್. ಮೊದಲ ಸುತ್ತಿನಲ್ಲಿ 0.27 ತಪ್ಪುತ್ತದೆ, ಎರಡನೇ ಸುತ್ತಿಗೆ ಅರ್ಧ ಮಿಲಿಮೀಟರ್ ದಾಟುತ್ತದೆ. ಅಲ್ಲಿಗೆ ಹಲ್ಲಿನ ಮೇಲೆ ಹಲ್ಲು ಹತ್ತಿ ಸಿಕ್ಕಿಕೊಳ್ಳುತ್ತದೆ. ನಾನು ಬಿಗಿ ಅಂದುಕೊಂಡದ್ದು ಆ ಸಿಕ್ಕಿಕೊಂಡದ್ದನ್ನು. ಬಿಗಿಯಾದ ಬೋಲ್ಟು ಕ್ಯಾಮೆರಾವನ್ನು ಪ್ಲೇಟಿಗೆ ಎಳೆದು ಹಿಡಿಯುತ್ತದೆ. ಸಿಕ್ಕಿಕೊಂಡ ಬೋಲ್ಟು ಏನನ್ನೂ ಹಿಡಿಯುವುದಿಲ್ಲ, ತಾನೇ ಸಿಕ್ಕಿಕೊಂಡಿರುತ್ತದೆ.

ಇವತ್ತು ನಾನು ಹೇಳಬೇಕಾದದ್ದರಲ್ಲಿ ಅರ್ಧ ಇಷ್ಟೇ. ಮನೆಯಲ್ಲಿ ಅಡಾಪ್ಟರ್ ಮಾಡುವ ಕೆಲಸದಲ್ಲಿ ತಗಡು, ಪೈಪು, ಮರ ಎಲ್ಲ ಆಮೇಲೆ. ಮೊದಲು ಹಲ್ಲು.

ಪರೀಕ್ಷೆ ಸುಲಭ. ಶಾಲೆಯ ಸ್ಕೇಲು ಸಾಕು, ಇಂಚಿನ ಕಡೆ ತಿರುಗಿಸಿ ಬೋಲ್ಟಿಗೆ ಹಿಡಿಯಿರಿ. ಅರ್ಧ ಇಂಚಿನಲ್ಲಿ ಹತ್ತು ಹಲ್ಲು ಬಂದರೆ ನಮ್ಮದು. ಹನ್ನೆರಡು-ಹದಿಮೂರು ಬಂದರೆ ಎಂ6. ಸ್ಕೇಲೂ ಇಲ್ಲವೇ? ಗೊತ್ತಿರುವ ಟ್ರೈಪಾಡ್ ಸ್ಕ್ರೂ ಪಕ್ಕಕ್ಕೆ ಈ ಬೋಲ್ಟನ್ನು ಒತ್ತಿ, ಬೆಳಕಿಗೆ ಹಿಡಿಯಿರಿ. ಹಲ್ಲಿಗೆ ಹಲ್ಲು ಕೂತು ಬೆಳಕು ತೂರದಿದ್ದರೆ ಸರಿ. ಮೂರನೆಯದು ಬೆರಳಿನ ಪರೀಕ್ಷೆ: ಪಾನಾ ಮುಟ್ಟದೆ ಬರೀ ಬೆರಳಿನಲ್ಲಿ ಮೂರೂವರೆ ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಬಲ ಹಾಕಬೇಡಿ.

ಜಪಾನಿನ ಕ್ಯಾಮೆರಾ, ಒಳಗಿನ ಸ್ಕ್ರೂ ಎಲ್ಲ ಮಿಲಿಮೀಟರಿನವು, ಹೊಟ್ಟೆಯ ಕೆಳಗೆ ಮಾತ್ರ ಇಂಚಿನ ತೂತು ಯಾಕೆ ಎಂದು ಒಬ್ಬ ಹುಡುಗ ಕೇಳಿದ್ದ. ಛಾಯಾಗ್ರಹಣ ಹುಟ್ಟಿದ ಕಾಲದಲ್ಲೇ, 1841ರಲ್ಲಿ, ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಬೋಲ್ಟಿನ ಹಲ್ಲಿಗೆ ಒಂದು ಪದ್ಧತಿ ತಂದ. ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದವರು ಆಮೇಲೆ 60 ಡಿಗ್ರಿ ಮಾಡಿಕೊಂಡರು. ಕ್ಯಾಮೆರಾ ಲೋಕ ಇಂಚಿನಲ್ಲೇ ಬೆಳೆಯಿತು, ಮುಂದೆ ಐಎಸ್‌ಒ 1222 ಎಂಬ ಅಂತರರಾಷ್ಟ್ರೀಯ ಮಾನದಂಡ ಕೂಡ ಅದೇ ಇಂಚಿನ ಅಳತೆಯನ್ನು ಉಳಿಸಿಕೊಂಡಿತು. ನಮಗೆ ಇದರಲ್ಲಿ ಒಂದು ಲಾಭ ಇದೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಎಸ್‌ಡಬ್ಲ್ಯೂ (ಬ್ರಿಟಿಷ್ ಸ್ಟ್ಯಾಂಡರ್ಡ್ ವಿಟ್‌ವರ್ತ್) ಎಂದು ಸಿಗುವುದು ಅದೇ ವಿಟ್‌ವರ್ತನ ಬೋಲ್ಟು. ಕಾಲು ಇಂಚಿಗೆ ಎರಡೂ ಪದ್ಧತಿಯಲ್ಲಿ 20 ಹಲ್ಲು, ಮೂರು ಸೂತಕ್ಕೆ ಎರಡರಲ್ಲೂ 16, ಐದು ಸೂತಕ್ಕೆ ಎರಡರಲ್ಲೂ 11. ಕೋನದ ಐದು ಡಿಗ್ರಿ ವ್ಯತ್ಯಾಸ ನಮ್ಮ ಕೆಲಸಕ್ಕೆ ಅಡ್ಡ ಬರುವುದಿಲ್ಲ. ನಾಲ್ಕು ಸೂತದಲ್ಲಿ ಮಾತ್ರ ವಿಟ್‌ವರ್ತನದು 12, ಅಮೆರಿಕದವರದು 13, ಜಗಳ. ಪುಣ್ಯಕ್ಕೆ ಕ್ಯಾಮೆರಾಕ್ಕೂ ನಾಲ್ಕು ಸೂತಕ್ಕೂ ಸಂಬಂಧ ಇಲ್ಲ.

ಹಾಗಾಗಿ ಅಂಗಡಿಗೆ ಹೋಗಿ "ಟ್ರೈಪಾಡ್ ಬೋಲ್ಟ್ ಇದೆಯಾ" ಎಂದರೆ ಇಲ್ಲ ಅನ್ನುತ್ತಾರೆ. "ಎರಡು ಸೂತದ ಬಿಎಸ್‌ಡಬ್ಲ್ಯೂ, ಅರ್ಧ ಇಂಚು ಉದ್ದ" ಅನ್ನಿ. ಒಂದು ಹಿಡಿ ಎತ್ತಿ ಕೊಡುತ್ತಾರೆ.

ಎರಡು ಸೂತ ಕ್ಯಾಮೆರಾದ ತಳಕ್ಕೆ. ಮೂರು ಸೂತ, ಅಂದರೆ 9.5 ಮಿಲಿಮೀಟರ್, ಅದು ಟ್ರೈಪಾಡಿನ ಕಾಲಿಗೂ ತಲೆಗೂ ನಡುವೆ. ಎರಡಕ್ಕೂ ಸಂಬಂಧ ಬೆಳೆಸುವ ಬುಷ್ ಒಂದು ಬರುತ್ತದೆ, ಹೊರಗೆ ಮೂರು ಸೂತ, ಒಳಗೆ ಎರಡು. ಚಹಾ-ಬನ್ಸಿನ ದುಡ್ಡಿಗೆ ಸಿಗುತ್ತದೆ, ಅದನ್ನು ಮಾಡಲು ಕೂರಬೇಡಿ. ಯಕ್ಷಗಾನ ರೆಕಾರ್ಡ್ ಮಾಡುವವರಿಗೆ ಒಂದು ಮಾತು: ಕೆಲವು ಮೈಕ್ ಸ್ಟ್ಯಾಂಡಿನ ತುದಿಯೂ ಮೂರು ಸೂತದ್ದೇ, 16 ಹಲ್ಲು. ಟ್ರೈಪಾಡಿನ ತಲೆ ಅದರ ಮೇಲೆ ನೇರ ಕೂರುತ್ತದೆ. ಇನ್ನು ಕೆಲವು ಐದು ಸೂತದವು, ಆದರೆ ಅವಕ್ಕೆ ಇಂಚಿಗೆ 27 ಹಲ್ಲು. ಅದು ಬೇರೆ ಜಾತಿ.

ಐದು ಸೂತ ಅಂದೆನಲ್ಲ, ಅದರ ಕತೆ ಹೇಳಬೇಕು.

ಗುಜರಿ ಅಂಗಡಿಯಲ್ಲಿ ನನಗೊಂದು ಸರ್ವೆಯವರ ಸ್ಟ್ಯಾಂಡ್ ಸಿಕ್ಕಿತು. ಮರದ್ದು, ಹಳದಿ ಬಣ್ಣ, ಕಾಲಿನ ತುದಿಗೆ ಕಬ್ಬಿಣದ ಮೊನೆ, ಮೆಟ್ಟಿ ಮಣ್ಣಿಗೆ ಇಳಿಸಲು ಒಂದು ಕಿವಿ. ಕೆಸರಿನಲ್ಲಿ ಇದರ ಮುಂದೆ ಯಾವ ಕಾರ್ಬನ್ ಟ್ರೈಪಾಡೂ ಇಲ್ಲ. ಮರ ಅದುರುವಿಕೆಯನ್ನು ಬೇಗ ನುಂಗುತ್ತದೆ. ಹೊತ್ತುಕೊಂಡು ಹೋಗಲು ಮಾತ್ರ ಒಬ್ಬ ಆಳು ಬೇಕು. ಅದರ ಮಧ್ಯದಲ್ಲಿ ಕೆಳಗಿನಿಂದ ಮೇಲಕ್ಕೆ ಬರುವ ಸ್ಕ್ರೂ ಐದು ಸೂತದ್ದು, 11 ಹಲ್ಲಿನದು. ಈಗಿನ ಸರ್ವೆ ಸ್ಟ್ಯಾಂಡ್‌ಗಳಲ್ಲಿ ಇದೇ ರೂಢಿ. ತೀರ ಹಳೇ ಕಾಲದ್ದು ಸಿಕ್ಕಿದರೆ ಅಳೆದೇ ಮುಂದುವರಿಯಿರಿ.

ಇದನ್ನು ಹೊತ್ತು ಮೊದಲ ಸಲ ಹೆದ್ದಾರಿ ಪಕ್ಕದ ಗದ್ದೆಯಲ್ಲಿ ನಿಲ್ಲಿಸಿದೆ. ಐದು ನಿಮಿಷ ಆಗಿರಲಿಲ್ಲ, ಮನೆಗಳಿಂದ ಜನ ಬಂದರು. ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ಅಕ್ಕೋರೇ, ನಮ್ಮದು ಎಷ್ಟು ಗುಂಟೆ ಹೋಗ್ತದೆ?" ಎಂದು ಕೇಳಿದಳು. ಹೆದ್ದಾರಿ 66ರ ಅಗಲೀಕರಣ ಕಂಡವರು, ನೌಕಾನೆಲೆಯ ಸೀಬರ್ಡ್ ಯೋಜನೆಗೆ ಊರು ಬಿಟ್ಟವರ ನೆಂಟರು. ಹಳದಿ ಸ್ಟ್ಯಾಂಡ್ ಕಂಡರೆ ಅವರಿಗೆ ಹಕ್ಕಿ ನೆನಪಾಗುತ್ತದೆಯೇ? ಮನೆಗೆ ಬಂದು ಮೊದಲು ಮಾಡಿದ ಕೆಲಸ ಅದಕ್ಕೆ ಹಸಿರು ಬಣ್ಣ ಬಳಿದದ್ದು. ಕಾರವಾರದವರಿಗೆ ನಾನು ಹೇಳುವುದೇ ಬೇಡ, ನೌಕಾನೆಲೆಯ ಬೇಲಿ ಕಾಣುವಲ್ಲಿ ಯಾವ ಬಣ್ಣದ ಸ್ಟ್ಯಾಂಡೂ ಬೇಡ.

ಅಡಾಪ್ಟರ್ ಹೀಗೆ ಬೇಕಿತ್ತು: ಒಂದು ದಪ್ಪ ಬಿಲ್ಲೆ, ಕೆಳಗಿನಿಂದ ಐದು ಸೂತದ ತೂತು, ಮೇಲೆ ಮೂರು ಸೂತದ ಮೊಳೆ. ತದಡಿಯವರ ಹತ್ತಿರ ಬೋಟಿನ ಹಳೇ ಗನ್‌ಮೆಟಲ್, ಅಂದರೆ ತಾಮ್ರ ಬೆರೆತ ಲೋಹದ ತುಂಡು ಬಿದ್ದಿತ್ತು. "ಸಮುದ್ರದ ನೀರಿಗೆ ಇದಕ್ಕಿಂತ ಒಳ್ಳೇದು ಇಲ್ಲ" ಎಂದು ಒಂದೇ ತುಂಡಿನಲ್ಲಿ ಕಡೆದುಕೊಟ್ಟರು. 60 ಮಿಲಿಮೀಟರ್ ಅಗಲದ ಬಿಲ್ಲೆ, ಬಂಗಾರದ ಹಾಗೆ ಹೊಳೆಯುತ್ತಿತ್ತು. ನಾನು ಅದನ್ನು ಪೂಜೆಗೆ ಇಡುವುದೊಂದು ಬಾಕಿ. ಅದಕ್ಕೆ ನನ್ನ ಅಲ್ಯೂಮಿನಿಯಂ ಬಾಲ್ ಹೆಡ್, ಅಂದರೆ ಕ್ಯಾಮೆರಾವನ್ನು ಎತ್ತ ಬೇಕಾದರೂ ಬಗ್ಗಿಸುವ ಟ್ರೈಪಾಡಿನ ತಲೆಯನ್ನು ತಿರುಗಿಸಿ ಕೂರಿಸಿದೆ, ಒಂದು ಇಡೀ ಋತು ಆಗರ, ಅಳಿವೆ ಎಂದು ತಿರುಗಿದೆ. ಮಳೆಗಾಲದಲ್ಲಿ ಬಿಚ್ಚದೆ ಮೂಲೆಗೆ ಇಟ್ಟೆ.

ಗಣೇಶ ಚೌತಿ ಹೊತ್ತಿಗೆ ಬಿಚ್ಚಲು ಹೋದರೆ ಬರಲೇ ಇಲ್ಲ. ಸೇರುವ ಜಾಗದ ಸುತ್ತ ಬಿಳಿ ಪುಡಿ. ಈಗ ನೀವೇ ಹೇಳಿ, ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪುನೀರು, ಇದಕ್ಕೆ ಏನೆನ್ನುತ್ತಾರೆ? ಹೌದು, ವಿದ್ಯುತ್ ಕೋಶ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ನಾನೇ ಬರೆದ ಚಿತ್ರ. ತಾಮ್ರದ ಅಂಶದ ಗನ್‌ಮೆಟಲ್ ಒಂದು ಕಡೆ, ಅಲ್ಯೂಮಿನಿಯಂ ಇನ್ನೊಂದು ಕಡೆ, ಸವೆಯುವುದು ಅಲ್ಯೂಮಿನಿಯಂ. ಲೇತಿನವರು ಹೇಳಿದ್ದು ಸುಳ್ಳಲ್ಲ. ಗನ್‌ಮೆಟಲ್‌ಗೆ ಏನೂ ಆಗಿರಲಿಲ್ಲ, ತಿಂದದ್ದು ನನ್ನ ಬಾಲ್ ಹೆಡ್ಡನ್ನು.

ಬಿಡಿಸಿದ್ದು ಕೂಡ ಪಾಠದ ಪುಸ್ತಕದಿಂದಲೇ. ತುಕ್ಕು ಬಿಡಿಸುವ ಎಣ್ಣೆ ಎರಡು ದಿನ ಬಿಟ್ಟೆ. ಆಮೇಲೆ ಕುದಿನೀರಲ್ಲಿ ಅದ್ದಿದ ಬಟ್ಟೆಯನ್ನು ಬಾಲ್ ಹೆಡ್ಡಿನ ಬುಡಕ್ಕೆ ಸುತ್ತಿದೆ. ಕಾದರೆ ಅಲ್ಯೂಮಿನಿಯಂ ಗನ್‌ಮೆಟಲ್‌ಗಿಂತ ಹೆಚ್ಚು ಹಿಗ್ಗುತ್ತದೆ. ಹೊರಗಿನ ತೂತು ಅಲ್ಯೂಮಿನಿಯಂನದು, ಒಳಗಿನ ಮೊಳೆ ಗನ್‌ಮೆಟಲ್‌ನದು, ಹಾಗಾಗಿ ಹಿಡಿತ ಸಡಿಲ. ನಾಲ್ಕನೇ ಸಲ ಕಿರ್ ಎಂದು ತಿರುಗಿತು. ಉಲ್ಟಾ ಆಗಿದ್ದರೆ, ಅಲ್ಯೂಮಿನಿಯಂ ಒಳಗಿದ್ದರೆ, ಕಾಯಿಸಿದಷ್ಟೂ ಬಿಗಿಯಾಗುತ್ತಿತ್ತು ಎಂಬುದನ್ನು ನೆನಪಿಡಿ.

ಎರಡನೇ ಬಿಲ್ಲೆಯನ್ನು ಅಲ್ಯೂಮಿನಿಯಂನಲ್ಲೇ ಮಾಡಿಸಿದೆ, ಹಲ್ಲಿಗೆ ಗ್ರೀಸ್ ಹಚ್ಚುತ್ತೇನೆ. ಸ್ಟೀಲ್ ಬೋಲ್ಟು ಅಲ್ಯೂಮಿನಿಯಂ ಪ್ಲೇಟಿನಲ್ಲಿ ಇದ್ದರೂ ಇದೇ ಕತೆ, ನಿಧಾನಕ್ಕೆ. ಶಿರಸಿ, ಸಿದ್ದಾಪುರದವರಿಗೆ ಮಳೆ ಮಾತ್ರ, ನಮಗೆ ಗಾಳಿಯಲ್ಲೇ ಉಪ್ಪು. ಮನೆಗೆ ಬಂದು ಸಿಹಿನೀರಿನ ಬಟ್ಟೆಯಿಂದ ಒರೆಸಿ, ಬಿಚ್ಚಿ, ಒಣಗಿಸಿ.

ಈಗ ಕೈಯಾರೆ ಮಾಡುವುದಕ್ಕೆ ಬರೋಣ. ಒಂದು ಪ್ಲೇಟ್ ಮಾಡುವುದನ್ನು ಪೂರ್ತಿ ಹೇಳುತ್ತೇನೆ, ಉಳಿದದ್ದು ಅದರ ಮೇಲೆ ನೀವೇ ಕಟ್ಟಿಕೊಳ್ಳಬಹುದು. 6 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿ, ಕಿಟಕಿ-ಬಾಗಿಲು ಫ್ಯಾಬ್ರಿಕೇಶನ್ ಮಾಡುವವರ ಹತ್ತಿರ ತುಂಡು ಸಿಗುತ್ತದೆ. ಇದರಲ್ಲಿ ಎರಡು ತೂತು. ಒಂದಕ್ಕೆ ಹಲ್ಲು ಕೊರೆಯಬೇಕು, ಟ್ರೈಪಾಡ್ ಅಲ್ಲಿ ಹಿಡಿಯುತ್ತದೆ. ಇನ್ನೊಂದು ಬರೀ ತೂತು, ಕ್ಯಾಮೆರಾದ ಬೋಲ್ಟು ಅದರಲ್ಲಿ ದಾಟಿ ಹೋಗುತ್ತದೆ, ಆರೂವರೆ ಮಿಲಿಮೀಟರ್ ಬೈರಿಗೆ ಸಾಕು.

ಹಲ್ಲು ಕೊರೆಯುವ ತೂತಿಗೆ ಬೈರಿಗೆ 5.1 ಮಿಲಿಮೀಟರಿನದು. 5 ಹಾಕಿದರೆ ಟ್ಯಾಪು, ಅಂದರೆ ಹಲ್ಲು ಕೊರೆಯುವ ಸಾಧನ, ಬಿಗಿಯಾಗಿ ಮುರಿಯುವ ಭಯ, ಐದೂವರೆ ಹಾಕಿದರೆ ಹಲ್ಲು ಗಿಡ್ಡವಾಗಿ ಹಿಡಿತ ಇಲ್ಲ. ಟ್ಯಾಪಿಗೆ ಎರಡು ಹನಿ ತೆಂಗಿನೆಣ್ಣೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹಿಂದೆ ತಿರುಗಿಸಿದಾಗ ಪುಡಿ ತುಂಡಾಗುವ ಸಣ್ಣ ಸದ್ದು ಬೆರಳಿಗೆ ಗೊತ್ತಾಗುತ್ತದೆ. ಆ ಸದ್ದು ಬಾರದೆ ಮುಂದೆ ಹೋಗಬೇಡಿ. ನೆಟ್ಟಗೆ ಇಳಿಯುತ್ತಿದೆಯೇ ಎಂದು ಎರಡು ಕಡೆಯಿಂದ ನೋಡಿ. ನನ್ನ ಮೊದಲ ಪ್ಲೇಟಿನಲ್ಲಿ ತೂತು ಸೊಟ್ಟ, ಅದನ್ನು ಹಾಕಿ ತೆಗೆದ ಫೋಟೋದಲ್ಲಿ ಅರಬ್ಬಿ ಸಮುದ್ರ ಭಟ್ಕಳದ ಕಡೆಗೆ ಹರಿಯುತ್ತಿತ್ತು.

ಬೋಲ್ಟಿನ ಉದ್ದ ಬಹಳ ಜನ ತಪ್ಪುವ ಜಾಗ. ಕ್ಯಾಮೆರಾದ ತಳದ ತೂತು ಆಳ ಇಲ್ಲ. ಒಂದು ಬೆಂಕಿಕಡ್ಡಿ ಇಳಿಸಿ, ಉಗುರಿನಿಂದ ಗುರುತು ಮಾಡಿ, ತೆಗೆದು ಸ್ಕೇಲಿಗೆ ಹಿಡಿಯಿರಿ. ಐದು, ಐದೂವರೆ ಮಿಲಿಮೀಟರ್ ಬರುತ್ತದೆ. ಬೋಲ್ಟು ಒಳಗೆ ನಾಲ್ಕೂವರೆಗಿಂತ ಹೆಚ್ಚು ಹೋಗಬಾರದು. ಲೆಕ್ಕ ಮಾಡಿ: ಪ್ಲೇಟು 6, ಮೇಲಿನ ರಬ್ಬರ್ 1, ಒಳಗೆ 4.5, ಒಟ್ಟು 11.5. ಅಂಗಡಿಯ ಅರ್ಧ ಇಂಚಿನ ಬೋಲ್ಟು 12.7. ಹಾಗೇ ಹಾಕಿದರೆ ತುದಿ ತಳಕ್ಕೆ ತಾಗಿ ನಿಲ್ಲುತ್ತದೆ, ಕ್ಯಾಮೆರಾ ಪ್ಲೇಟಿಗೆ ಕೂರುವ ಮೊದಲೇ ಬಿಗಿಯಾದ ಹಾಗೆ ಅನ್ನಿಸುತ್ತದೆ. ಮತ್ತೆ ಅದೇ ಸುಳ್ಳು ಬಿಗಿ. ಒಂದು ಮಿಲಿಮೀಟರಿಗಿಂತ ತುಸು ದಪ್ಪದ ವಾಷರ್ ಒಂದನ್ನು ತಲೆಯ ಕೆಳಗೆ ಹಾಕಿದರೆ ಲೆಕ್ಕ ಸರಿಹೋಯಿತು.

ರಬ್ಬರಿಗೆ ಸೈಕಲ್ ಟ್ಯೂಬಿನ ತುಂಡು. ಒಂದೇ ಪದರ. ಮೆತ್ತಗಿರಲಿ ಎಂದು ಚಪ್ಪಲಿಯ ಅಟ್ಟೆ ಕತ್ತರಿಸಿ ಹಾಕುವವರಿದ್ದಾರೆ, ಅದು ಸ್ಪ್ರಿಂಗಿನ ಹಾಗೆ ಕುಣಿಯುತ್ತದೆ. ಬೋಲ್ಟಿನ ಕೆಲಸ ಎಳೆದು ಹಿಡಿಯುವುದು ಮಾತ್ರ, ಅಲುಗದ ಹಾಗೆ ನಿಲ್ಲಿಸುವುದು ಎರಡು ಅಗಲ ಮೈಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ. ಆದ್ದರಿಂದ ಉದ್ದ ಬೋಲ್ಟಿಗೆ ನಾಲ್ಕು ನಟ್ಟು ಪೋಣಿಸಿ ಎತ್ತರ ಮಾಡುವ ಅಡಾಪ್ಟರ್ ನೋಡಿದರೆ ನನಗೆ ಹೊಟ್ಟೆಯಲ್ಲಿ ಕಲಸುತ್ತದೆ. ಹೊರಚಾಚಿದ ಪಟ್ಟಿಯ ಉದ್ದ ಎರಡು ಪಟ್ಟಾದರೆ ಅದೇ ಭಾರಕ್ಕೆ ಅದು ಬಾಗುವುದು ಎಂಟು ಪಟ್ಟು. ಎರಡರಷ್ಟಲ್ಲ, ಎಂಟರಷ್ಟು.

ಮಾಡಿದ್ದು ಗಟ್ಟಿ ಇದೆಯೇ ಎಂದು ನೋಡಲು ಕ್ಯಾಮೆರಾದ ಪರದೆಯಲ್ಲಿ ದೂರದ ಒಂದು ತೆಂಗಿನ ಮರವನ್ನು ಪೂರ್ತಿ ದೊಡ್ಡದು ಮಾಡಿ, ಲೆನ್ಸಿನ ತುದಿಗೆ ಬೆರಳಿಂದ ಒಮ್ಮೆ ತಟ್ಟಿ. ಚಿತ್ರ ನಿಲ್ಲಲು ಎಷ್ಟು ಹೊತ್ತು ಬೇಕಾಯಿತು ಎಣಿಸಿ. ಅಡಾಪ್ಟರ್ ತೆಗೆದು ಮತ್ತೆ ಎಣಿಸಿ. ಎರಡಕ್ಕೂ ಬಹಳ ಅಂತರ ಇದ್ದರೆ ನೀವು ಮಾಡಿದ್ದು ಅಡಾಪ್ಟರ್ ಅಲ್ಲ, ಉಯ್ಯಾಲೆ.

ಯಕ್ಷಗಾನದ ಆಟದ ಚಪ್ಪರದಲ್ಲಿ ಅಡಿಕೆ ಮರದ ಕಂಬಕ್ಕೆ ಸಣ್ಣ ಕ್ಯಾಮೆರಾ ಕಟ್ಟಲು ಇದೇ ಪ್ಲೇಟು, ಎರಡು ಹೋಸ್ ಕ್ಲಿಪ್ಪು ಸಾಕು. ಕಂಬಕ್ಕೂ ಪ್ಲೇಟಿಗೂ ನಡುವೆ ಟ್ಯೂಬಿನ ತುಂಡು ಇರಲಿ, ಅಡಿಕೆ ಕಂಬ ನುಣುಪು, ಜಾರುತ್ತದೆ. ಟ್ರೈಪಾಡ್ ಆದರೆ ರಂಗಸ್ಥಳದ ಹಲಗೆಯ ಮೇಲೆ ಬೇಡ, ನೆಲದ ಮೇಲೆ ಇಡಿ. ವೇಷದವರು ಹಾರಿ ಸುತ್ತುತ್ತಾ ದಿಗಿಣ ಹೊಡೆದಾಗ ಹಲಗೆಯ ಜೊತೆ ನಿಮ್ಮ ಕ್ಯಾಮೆರಾವೂ ದಿಗಿಣ ಹೊಡೆಯುತ್ತದೆ.

ಹಿಂದಿನಿಂದ ಯಾರೋ ತ್ರೀಡಿ ಪ್ರಿಂಟ್ ಬಗ್ಗೆ ಕೇಳುತ್ತಿದ್ದಾರೆ. ಮಾಡಬಹುದು, ನನ್ನ ಹಳೇ ವಿದ್ಯಾರ್ಥಿಯೊಬ್ಬ ಮಾಡಿಕೊಟ್ಟಿದ್ದಾನೆ. ಎರಡು ಎಚ್ಚರ. ಪ್ಲಾಸ್ಟಿಕ್ಕಿನಲ್ಲೇ ಹಲ್ಲು ಮೂಡಿಸಬೇಡಿ, ಎರಡು ಸೂತದ ಲೋಹದ ನಟ್ಟು ಕೂರುವ ಗೂಡು ಮಾಡಿ. ಇನ್ನೊಂದು, ಪಿಎಲ್‌ಎ ಎಂಬ ಸಾಮಾನ್ಯ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಮೊಬೈಲ್ ಹಿಡಿಕೆಗೆ ಆದೀತು. ಎರಡು ಕಿಲೋ ಲೆನ್ಸಿಗೆ ನಾನಂತೂ ನಂಬುವುದಿಲ್ಲ.

ಟ್ರೈಪಾಡಿನ ತಲೆಗೆ ಜಾರಿಸಿ ಕೂರಿಸುವ ಆರ್ಕಾ ಮಾದರಿಯ ಓರೆ ಅಂಚಿನ ಪ್ಲೇಟು ಮನೆಯಲ್ಲಿ ಮಾಡಬಹುದೇ ಎಂದೂ ಕೇಳುತ್ತಾರೆ. ಅಗಲ ಸುಮಾರು 38 ಮಿಲಿಮೀಟರ್, ಅಂಚು 45 ಡಿಗ್ರಿ. ನಾನು ಅರದಿಂದ ಮೂರು ದಿನ ಉಜ್ಜಿದ್ದೇನೆ. ಕೊಂಡುಬಿಡಿ. ಹಿಡಿದು ಬಿಡುವ ಲಿವರ್ ಇರುವ ಯಾವುದನ್ನೂ ಮಾಡಲು ಹೋಗಬೇಡಿ. ಮತ್ತೆ ಏನೇ ಮಾಡಿ, ಏನೇ ಕೊಳ್ಳಿ, ಕ್ಯಾಮೆರಾದ ಪಟ್ಟಿಯಿಂದ ಟ್ರೈಪಾಡಿನ ಕುತ್ತಿಗೆಗೆ ಬಲೆಯ ನೈಲಾನ್ ದಾರದ ಒಂದು ಗಂಟು ಇರಲಿ. ಸಾಣೀಕಟ್ಟೆಯಲ್ಲಿ ಆವತ್ತು ನನ್ನ ಚೀಲದಲ್ಲಿ ಅಂಥ ದಾರ ಒಂದು ಮಾರು ಇತ್ತು, ಚೀಲದ ಬಾಯಿ ಕಟ್ಟಲು ಬಳಸಿದ್ದೆ.

ಬೋಲ್ಟುಗಳು ಎಲ್ಲಿಗೆ ಬಂದವು? ಹಾಂ, ಕೊನೆಯ ಸಾಲು. ಕೆಂಪು ದಾರ ಇಲ್ಲದ್ದೇ ಎಂ6, ಅಂದಾಜು ಮಾಡಿದವರು ಕೈ ಎತ್ತಬಹುದು. ಎರಡನ್ನೂ ವಾಪಸ್ ಕೊಡಿ. ಕೆಂಪು ದಾರದ್ದು ಈ ಪ್ಲೇಟಿನದು, ಇನ್ನೊಂದು ನಮ್ಮ ಮನೆ ಗೇಟಿನ ಚಿಲಕದ್ದು. ರಾತ್ರಿ ಹೋಗಿ ಹಾಕದಿದ್ದರೆ ಪಕ್ಕದ ಮನೆಯ ದನ ಒಳಗೆ ಬರುತ್ತದೆ.